ಬಡಗಿ ದುಂಬಿಯ ಜಮಾ-ಖರ್ಚು

ಯುಗಾದಿ ಕಳೆದು ಮುಂಬಯಿಯ ಉಪನಗರಗಳಲ್ಲಿ ಹೊಂಗೆಯ ಮರಗಳು ಹೂ ತಳೆಯುವ ಹೊತ್ತಿಗೆ ವಸತಿ ಸೊಸೈಟಿಗಳ ಕಾರ್ಯದರ್ಶಿಗಳಿಗೆ ಒಂದು ಬಗೆಯ ದೂರು ಬರತೊಡಗುತ್ತದೆ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಹೆಬ್ಬೆರಳ ತುದಿಯಷ್ಟು ದಪ್ಪನಾದ ಕರಿಯ ಹುಳುವೊಂದು ಗುಂಯ್ ಎಂದು ಸದ್ದು ಮಾಡುತ್ತ ಸುತ್ತುತ್ತಿದೆ. ಬಟ್ಟೆ ಹರವಲು ಹೋದ ಗೃಹಿಣಿ ಬೆದರಿ ಒಳಗೆ ಓಡಿ ಬಂದಿದ್ದಾರೆ. ಮಕ್ಕಳನ್ನು ಅತ್ತ ಬಿಡುವಂತಿಲ್ಲ. ಕೂಡಲೇ ಔಷಧ ಹೊಡೆಸಬೇಕು. ಮರುದಿನ ಬೆನ್ನಿಗೆ ಪಂಪು ಕಟ್ಟಿಕೊಂಡ ಕೆಲಸದವನು ಬರುತ್ತಾನೆ. ಕಿಟಕಿಯ ಚೌಕಟ್ಟಿಗೂ ಹೂಕುಂಡಗಳಿಗೂ ದ್ರಾವಣವನ್ನು ಸಿಂಪಡಿಸುತ್ತಾನೆ. ಸಂಜೆಗೆ ನೆಲದ ಮೇಲೆ ಕಾಲು ಮುದುರಿಕೊಂಡು ಬಿದ್ದ ಕರಿಯ ಉಂಡೆಯನ್ನು ಪೊರಕೆಯಿಂದ ಗುಡಿಸಿ ಹಾಕಲಾಗುತ್ತದೆ. ಬಿಲ್ಲು ಪಾವತಿಯಾಗುತ್ತದೆ, ಕಡತ ಮುಚ್ಚುತ್ತದೆ. ಸತ್ತದ್ದು ಯಾರೆಂದು ವಿಚಾರಿಸುವ ಪದ್ಧತಿ ಇಲ್ಲ.

ವಿಚಾರಿಸಿದ್ದರೆ ಸ್ವಲ್ಪ ಮುಜುಗರವೇ ಆಗಬಹುದಿತ್ತು. ಏಕೆಂದರೆ ಅದು ಕನ್ನಡಿಗರಿಗೆ ಸಾವಿರ ವರ್ಷಗಳ ಪರಿಚಯವಿರುವ ಜೀವಿ. ಕನ್ನಡದ ದುಂಬಿ ಅದು, ಸಂಸ್ಕೃತದ ಭ್ರಮರ, ನೆರೆಮನೆಯ ಮರಾಠಿಗರಿಗೆ ಭುಂಗಾ, ದೆಹಲಿಯ ಹಿಂದಿಯವರಿಗೆ ಭಂವರಾ. ಮರವನ್ನು ಕೊರೆದು ಮನೆ ಮಾಡುವ ಅದರ ಕಸಬಿನಿಂದಾಗಿ ಬಡಗಿ ದುಂಬಿ ಅಥವಾ ಬಡಗಿ ಜೇನು ಎಂಬ ಹೆಸರೂ ಸಲ್ಲುತ್ತದೆ. (ಶಾಲೆಯ ವಿಜ್ಞಾನ ಪಾಠಗಳಲ್ಲಿ ದುಂಬಿ ಎಂಬ ಶಬ್ದವನ್ನು ಗಟ್ಟಿ ಕವಚದ ಜೀರುಂಡೆಗಳಿಗೂ ಬಳಸಿ ಗೊಂದಲ ಉಂಟುಮಾಡಲಾಗಿದೆ. ಬಡಗಿ ದುಂಬಿಯು ಜೀರುಂಡೆಯಲ್ಲ. ಜೇನುನೊಣದ ಬಳಗಕ್ಕೆ ಸೇರಿದ ಕೀಟ.)

ಕವಿಗಳ ದುಂಬಿಯೂ ಬಾಲ್ಕನಿಯ ದುಂಬಿಯೂ ಒಂದೇ ಎಂಬುದಕ್ಕೆ ಆಧಾರವೇನು ಎಂದು ಯಾರಾದರೂ ಕೇಳಬಹುದು. ಒಂದು ಪ್ರಸಿದ್ಧ ಸಂಸ್ಕೃತ ಸುಭಾಷಿತವು ಸಂಜೆ ಮುಚ್ಚಿಕೊಂಡ ಕಮಲದೊಳಗೆ ಸಿಲುಕಿದ ಭ್ರಮರವನ್ನು ವರ್ಣಿಸುತ್ತದೆ. ಮರವನ್ನೇ ಭೇದಿಸಬಲ್ಲ ನಿಪುಣನಾದರೂ ಮೃದುವಾದ ಎಸಳನ್ನು ಕಡಿಯಲಾರದೆ ಅದು ಸುಮ್ಮನಿರುವುದನ್ನು ಕಂಡು, ಪ್ರೀತಿಯ ಕಟ್ಟು ಎಷ್ಟು ಬಲವಾದುದೆಂದು ಸುಭಾಷಿತಕಾರನು ಬೆರಗಾಗುತ್ತಾನೆ. ಸಾಮಾನ್ಯ ಜೇನುನೊಣವು ಮರ ಕೊರೆಯದು. ಹಿಂದಿನವರು ಕಣ್ಣಿಟ್ಟು ನೋಡಿಯೇ ಬರೆದಿದ್ದಾರೆ ಎನ್ನಲು ಇಷ್ಟು ಸಾಕು. ಆರು ಕಾಲಿನ ಈ ಷಟ್ಪದದ ಹೆಸರನ್ನೇ ಆರು ಸಾಲಿನ ಷಟ್ಪದಿಯೂ ಹೊತ್ತಿದೆ. ಕುಮಾರವ್ಯಾಸನ ಭಾರತವು ಹರಿದುದು ಅದೇ ಆರು ಕಾಲುಗಳ ಮೇಲೆ. ಕಟೀಲಿನ ಸ್ಥಳಪುರಾಣದಲ್ಲಿ ದೇವಿಯು ಅರುಣಾಸುರನನ್ನು ಕೊಂದುದು ಭ್ರಮರ ರೂಪದಿಂದ. ಯೋಗಾಭ್ಯಾಸಿಗಳ ಭ್ರಾಮರೀ ಪ್ರಾಣಾಯಾಮಕ್ಕೆ ಹೆಸರು ಬಂದುದೂ ಇದರ ಝೇಂಕಾರದಿಂದ. ಹೊರನಾಡಿನ ಕನ್ನಡಿಗರು ಮರೆಯಬಾರದ ಸಂಗತಿ ಇನ್ನೊಂದುಂಟು. ಇಂದಿನ ತೆಲಂಗಾಣಕ್ಕೆ ಸೇರಿದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು ದೂರದ ಬನವಾಸಿಯನ್ನು ನೆನೆದು ಹಂಬಲಿಸಿದಾಗ, ಅಲ್ಲಿ ಹುಟ್ಟಲು ಬಯಸಿದ ರೂಪಗಳಲ್ಲಿ ಮರಿದುಂಬಿಯೂ ಒಂದು.

ವಿಜ್ಞಾನದಲ್ಲಿ ಈ ಕೀಟಗಳ ಕುಲಕ್ಕೆ ಕ್ಸೈಲೋಕೋಪ ಎಂದು ಹೆಸರು. 1802ರಲ್ಲಿ ಫ್ರೆಂಚ್ ಕೀಟಶಾಸ್ತ್ರಜ್ಞ ಲಾತ್ರೇ ಇಟ್ಟ ಈ ಗ್ರೀಕ್ ಮೂಲದ ಹೆಸರಿನ ಅರ್ಥವೂ ಮರ ಕಡಿಯುವವನು ಎಂದೇ. ಜಗತ್ತಿನಲ್ಲಿ ಇದರ ಪ್ರಭೇದಗಳು ನಾನೂರಕ್ಕೂ ಹೆಚ್ಚು. ಭಾರತದಲ್ಲಿಯೇ ಮೂವತ್ತಕ್ಕೆ ಮೇಲ್ಪಟ್ಟಿವೆ. ಎಲ್ಲಕ್ಕೂ ಒಂದೇ ಗಾತ್ರ, ಒಂದೇ ಬಣ್ಣವಿಲ್ಲ. ದಕ್ಷಿಣದ ಮಳೆಕಾಡುಗಳಲ್ಲಿ ಕಾಣುವ ಲ್ಯಾಟಿಪಿಸ್ ಎಂಬುದು ಸುಮಾರು 3.5 ಸೆಂಟಿಮೀಟರ್ ಉದ್ದದ ಭಾರೀ ಆಸಾಮಿ. ಜಗತ್ತಿನ ಅತಿ ದೊಡ್ಡ ಜೇನುಗಳ ಪಂಕ್ತಿಯಲ್ಲಿ ಅದಕ್ಕೆ ಸ್ಥಾನವಿದೆ. ಬಿದಿರಿನ ಸಣ್ಣ ಕೊಳವೆಗಳಲ್ಲಿ ವಾಸಿಸುವ ಪುಟ್ಟ ಜಾತಿಗಳೂ ಇವೆ. ಸಾಮಾನ್ಯವಾಗಿ ಮೈ ಅಚ್ಚ ಕಪ್ಪು, ಹೊಟ್ಟೆಯ ಭಾಗ ನುಣ್ಣಗೆ ಹೊಳೆಯುವಂಥದು. ರೆಕ್ಕೆಗೆ ಬಿಸಿಲು ಬಿದ್ದರೆ ನೀಲಿ, ನೇರಿಳೆ, ಹಸಿರು ಛಾಯೆಗಳು ನವಿಲುಗರಿಯಂತೆ ಮಿನುಗುತ್ತವೆ. ಕೆಲವು ಜಾತಿಗಳ ಹೆಣ್ಣಿಗೆ ಎದೆಯ ಮೇಲೆ ಹಳದಿ ರೋಮದ ಶಾಲು ಹೊದಿಸಿದಂತಿರುತ್ತದೆ. ಅದೇ ಜಾತಿಯ ಗಂಡು ಪೂರ್ತಿ ಹಳದಿ. ಇವೆರಡನ್ನೂ ಅಕ್ಕಪಕ್ಕದಲ್ಲಿ ಕಂಡವರು ಬೇರೆ ಬೇರೆ ಕೀಟಗಳೆಂದೇ ಭಾವಿಸುತ್ತಾರೆ.

ಇನ್ನು ಅದರ ಬಡಗಿತನದ ವಿಚಾರ. ಗೆದ್ದಲಿನಂತೆ ಇದು ಮರವನ್ನು ತಿನ್ನುವುದಿಲ್ಲ. ಆಹಾರವೇನಿದ್ದರೂ ಹೂವಿನ ಮಕರಂದ ಮತ್ತು ಪರಾಗ. ಮರವು ಕೇವಲ ನಿವೇಶನ. ಹಸಿಮರದ ಗೊಡವೆಗೆ ಅದು ಸಾಧಾರಣವಾಗಿ ಹೋಗದು. ಒಣಗಿದ ಕೊಂಬೆ, ಸತ್ತು ನಿಂತ ಕಾಂಡ, ಬೇಲಿಯ ಗೂಟ, ಬಿದಿರು, ಬಣ್ಣ ಕಾಣದ ತೊಲೆ ಇವುಗಳನ್ನು ಹುಡುಕುತ್ತದೆ. ಮಲೆನಾಡು, ಕರಾವಳಿಗಳ ಹಂಚಿನ ಮನೆಗಳಲ್ಲಿ ಬೆಳೆದವರಿಗೆ ರೀಪು-ಪಕಾಸುಗಳಲ್ಲಿ ಬೆರಳು ತೂರುವಷ್ಟು ಗುಂಡನೆಯ ತೂತುಗಳನ್ನೂ, ಕೆಳಗೆ ಜಗಲಿಯ ಮೇಲೆ ದಿನವೂ ಬೀಳುತ್ತಿದ್ದ ಮರದ ಹುಡಿಯನ್ನೂ ನೋಡಿದ ನೆನಪಿರುತ್ತದೆ. ಆ ಹುಡಿಯೇ ಗುರುತು. ಗೆದ್ದಲು ಮರವನ್ನು ನುಂಗಿ ಮಣ್ಣಿನ ಹಾದಿ ಕಟ್ಟುತ್ತದೆ. ಬಡಗಿ ದುಂಬಿಯು ಗರಗಸದ ಕೆಳಗೆ ಬೀಳುವಂಥ ಹುಡಿಯನ್ನು ಹೊರಗೆ ಚೆಲ್ಲುತ್ತದೆ.

ಬೈರಿಗೆ, ಉಳಿ ಯಾವುದೂ ಇಲ್ಲದೆ ಕೇವಲ ದವಡೆಗಳಿಂದಲೇ ಹೆಣ್ಣು ದುಂಬಿಯು ಈ ಕೆಲಸವನ್ನು ಮಾಡುತ್ತದೆ. ದವಡೆಯನ್ನು ಮರಕ್ಕೆ ಒತ್ತಿ, ಮೈಯನ್ನು ಅದುರಿಸುತ್ತ, ಸ್ವಲ್ಪ ಸ್ವಲ್ಪವೇ ತಿರುಗುತ್ತ ಕೆರೆಯುತ್ತದೆ. ಕಿವಿಗೊಟ್ಟರೆ ಕರ್ ಕರ್ ಎಂಬ ಸದ್ದು ಕೇಳಿಬರುತ್ತದೆ. ಬಾಗಿಲು ಕೈವಾರದಿಂದ ಗೆರೆ ಎಳೆದಷ್ಟು ದುಂಡಗೆ. ಅಗಲ ಒಂದರಿಂದ ಒಂದೂವರೆ ಸೆಂಟಿಮೀಟರ್. ಸ್ವಲ್ಪ ದೂರ ನೇರವಾಗಿ ಒಳಗೆ ಹೋದ ಮೇಲೆ ಸುರಂಗವು ಥಟ್ಟನೆ ಹೊರಳಿ ಮರದ ನಾರಿನ ದಿಕ್ಕಿನಲ್ಲಿ ಸಾಗುತ್ತದೆ. ನಾರಿಗೆ ಅಡ್ಡಲಾಗಿ ಕೊರೆಯುವುದು ಕಷ್ಟ, ಉದ್ದಕ್ಕೆ ಕೊರೆಯುವುದು ಸುಲಭ ಎಂಬುದನ್ನು ಯಾವ ಬಡಗಿಯೂ ಬಲ್ಲ. ಕೆಲಸ ನಿಧಾನದ್ದು. ಅಮೆರಿಕದ ಒಂದು ಜಾತಿಯನ್ನು ಅಳೆದು ನೋಡಿದವರಿಗೆ ಒಂದು ಅಂಗುಲ ಮುನ್ನಡೆಯಲು ಅದಕ್ಕೆ ಆರು ದಿನಗಳು ಬೇಕಾದುದು ತಿಳಿದುಬಂತು. ಹೀಗಾಗಿಯೇ ಹೊಸ ಮನೆ ಕೊರೆಯುವುದಕ್ಕಿಂತ ತಾಯಿಯ ಹಳೆಯ ಮನೆಯನ್ನೇ ಗುಡಿಸಿ, ಇನ್ನೊಂದು ಕೋಣೆ ಕೂಡಿಸಿ ವಾಸಿಸುವ ರೂಢಿ ಇವುಗಳಲ್ಲಿ ಹೆಚ್ಚು.

ಸುರಂಗ ಸಿದ್ಧವಾದ ಬಳಿಕ ತಾಯಿಯು ಪರಾಗವನ್ನು ಮಕರಂದದಲ್ಲಿ ಕಲಸಿ ಒಂದು ಮುದ್ದೆ ಕಟ್ಟಿ ಸುರಂಗದ ಕೊನೆಯಲ್ಲಿ ಇಡುತ್ತದೆ. ಅದರ ಮೇಲೆ ಒಂದು ಮೊಟ್ಟೆ. ಆಮೇಲೆ ಅಗಿದ ಮರದ ಹುಡಿಯನ್ನು ಎಂಜಲಿನೊಂದಿಗೆ ಬೆರೆಸಿ ಗೋಡೆ ಎಬ್ಬಿಸಿ ಆ ಕೋಣೆಯನ್ನು ಮುಚ್ಚುತ್ತದೆ. ಗೋಡೆಯ ಒಂದು ಮುಖದಲ್ಲಿ ಶಂಖದ ಸುತ್ತಿನಂಥ ಗುರುತು ಉಳಿದಿರುತ್ತದೆ. ಮತ್ತೆ ಮುದ್ದೆ, ಮೊಟ್ಟೆ, ಗೋಡೆ. ಹೀಗೆ ಒಂದರ ಹಿಂದೆ ಒಂದಾಗಿ ರೈಲುಡಬ್ಬಿಗಳಂತೆ ಕೋಣೆಗಳು. ಮೊಟ್ಟೆಯೋ ಕೀಟಲೋಕದಲ್ಲಿಯೇ ಅತಿ ದೊಡ್ಡವುಗಳ ಸಾಲಿಗೆ ಸೇರಿದ್ದು. ದೊಡ್ಡ ಜಾತಿಗಳಲ್ಲಿ ಒಂದೂವರೆ ಸೆಂಟಿಮೀಟರ್ ಮೀರುವುದೂ ಉಂಟು. ಹೆಜ್ಜೇನಿನ ರಾಣಿ ಸಾವಿರ ಸಾವಿರವಾಗಿ ಮೊಟ್ಟೆಯಿಟ್ಟರೆ ಬಡಗಿ ದುಂಬಿಗೆ ಒಂದು ಬಾರಿಗೆ ಬೆರಳೆಣಿಕೆಯಷ್ಟೇ ಮಕ್ಕಳು. ಬಾಲ್ಕನಿಯಲ್ಲಿ ಒಂದು ತಾಯಿದುಂಬಿ ಸತ್ತರೆ ನಷ್ಟವು ಎಷ್ಟೆಂಬುದನ್ನು ಈ ಸಂಖ್ಯೆಯಿಂದ ಲೆಕ್ಕ ಹಾಕಬಹುದು.

ಹುಟ್ಟಿದ ಮರಿಗಳು ಕೂಡಲೇ ಮನೆ ಬಿಟ್ಟು ಹೋಗುವುದಿಲ್ಲ. ರೆಕ್ಕೆ ಬಲಿತ ಮೇಲೂ ಕೆಲವು ವಾರ ಗೂಡಿನಲ್ಲಿಯೇ ಉಳಿಯುತ್ತವೆ. ತಾಯಿ ಹೊರಗಿನಿಂದ ತಂದ ಮಕರಂದವನ್ನು ಬಾಯಿಂದ ಬಾಯಿಗೆ ಉಣಿಸುತ್ತದೆ. ಅನೇಕ ಜಾತಿಗಳಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ಕಾವಲು ಕೂತಿರುತ್ತಾಳೆ. ಇಂಥ ಅವಿಭಕ್ತ ಕುಟುಂಬದಲ್ಲಿ ಬಾಡಿಗೆದಾರರೂ ಇರುತ್ತಾರೆ. ಲ್ಯಾಟಿಪಿಸ್ ಮೊದಲಾದ ದೊಡ್ಡ ಜಾತಿಗಳ ಹೆಣ್ಣಿನ ಹೊಟ್ಟೆಯ ಮೊದಲ ಖಂಡದಲ್ಲಿ ಒಂದು ಸಣ್ಣ ಚೀಲವಿದ್ದು, ಅದರೊಳಗೆ ನುಸಿಗಳು ವಾಸಿಸುತ್ತವೆ. ತಾಯಿ ಹೊಸ ಗೂಡಿಗೆ ಹೋದಾಗ ಅವೂ ಜೊತೆಗೆ ಹೋಗುತ್ತವೆ. ಗೂಡಿನ ಬೂಷ್ಟು, ಕೊಳೆಗಳನ್ನು ತಿಂದು ಶುಚಿಯಾಗಿಡುವುದೇ ಆ ನುಸಿಗಳು ಕೊಡುವ ಬಾಡಿಗೆಯೆಂದು ತಜ್ಞರು ಊಹಿಸುತ್ತಾರೆ. ಅವಕ್ಕೆಂದೇ ಮೈಯಲ್ಲಿ ಒಂದು ಕೋಣೆ ಏರ್ಪಟ್ಟಿರುವುದನ್ನು ನೋಡಿದರೆ ಊಹೆಯು ನಂಬತಕ್ಕದ್ದೇ ಆಗಿದೆ.

ಈಗ ಹೆದರಿಕೆಯ ಮಾತು. ಮನುಷ್ಯನ ಮುಖದ ಮುಂದೆ ಬಂದು ಗಾಳಿಯಲ್ಲಿ ನಿಂತು, ಒಮ್ಮೆಲೇ ಎರಗುವಂತೆ ಬರುವ ದುಂಬಿಯು ಸಾಮಾನ್ಯವಾಗಿ ಗಂಡು. ಹೂಗಿಡದ ಅಥವಾ ಗೂಡಿನ ಸುತ್ತ ಅದು ತನ್ನ ಸರಹದ್ದನ್ನು ಕಾಯುತ್ತಿರುತ್ತದೆ. ಎದುರು ಬಂದ ಇನ್ನೊಂದು ಗಂಡನ್ನೂ, ಹಕ್ಕಿಯನ್ನೂ, ಬಟ್ಟೆ ಹರವಲು ಬಂದವರನ್ನೂ ಒಂದೇ ರೀತಿ ಅಟ್ಟಲು ನೋಡುತ್ತದೆ. ಆದರೆ ಗಂಡಿಗೆ ಕೊಂಡಿಯೇ ಇಲ್ಲ. ಕುಟುಕುವುದು ಅದಕ್ಕೆ ಸಾಧ್ಯವೇ ಇಲ್ಲ. ಕೊಂಡಿಯಿರುವ ಹೆಣ್ಣಿಗೆ ಮನುಷ್ಯನ ಮೇಲೆ ಆಸಕ್ತಿಯಿಲ್ಲ. ಕೈಯಲ್ಲಿ ಹಿಡಿದರೆ, ಬಟ್ಟೆಯೊಳಗೆ ಸಿಕ್ಕಿಸಿಕೊಂಡರೆ, ಗೂಡಿಗೆ ಕಡ್ಡಿ ಹಾಕಿದರೆ ಮಾತ್ರ ಚುಚ್ಚುತ್ತದೆ. ಹೆಜ್ಜೇನಿನಂತೆ ಗುಂಪಾಗಿ ಮೇಲೆ ಬೀಳುವ ಪ್ರಶ್ನೆಯೇ ಇಲ್ಲ. ಗೋಪುರದಂಥ ಕಟ್ಟಡಗಳ ಸೂರಿನ ಕೆಳಗೆ ತೂಗುವ ಹೆಜ್ಜೇನಿನ ಹುಟ್ಟು ನಿಜಕ್ಕೂ ಅಪಾಯದ್ದು. ಅದರ ಭಯವನ್ನು ಒಂಟಿ ದುಂಬಿಗೆ ಆರೋಪಿಸುವುದು ಬೇರೊಬ್ಬನ ಸಾಲವನ್ನು ಇವನ ಖಾತೆಗೆ ಬರೆದಂತೆ.

ಹಾಗಿದ್ದರೂ ಕುಟುಕಿದರೆ ಏನು ಮಾಡಬೇಕೆಂಬುದು ತಿಳಿದಿರುವುದು ಒಳ್ಳೆಯದು. ಜೇನುನೊಣದ ಕೊಂಡಿಯಂತೆ ಇದರ ಕೊಂಡಿಯು ಮುರಿದು ಚರ್ಮದಲ್ಲಿ ಉಳಿಯುವುದಿಲ್ಲ. ಆದುದರಿಂದ ಅದನ್ನು ಹುಡುಕಿ ಕೆದಕಬೇಕಾಗಿಲ್ಲ. ಜಾಗವನ್ನು ಸಾಬೂನು, ನೀರಿನಿಂದ ತೊಳೆದು ತಣ್ಣೀರಿನ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು. ಉಂಗುರ, ಬಳೆಗಳಿದ್ದರೆ ಊದುವ ಮುನ್ನ ತೆಗೆಯಬೇಕು. ಸುಣ್ಣ ಹಚ್ಚುವ, ಕಬ್ಬಿಣ ಉಜ್ಜುವ ಹಳೆಯ ಕ್ರಮಗಳಿಂದ ಮನಸ್ಸಿಗೆ ಸಮಾಧಾನವಾಗಬಹುದು, ಚರ್ಮಕ್ಕೆ ಆಗುವ ಲಾಭ ಕಾಣದು. ಹೆಚ್ಚಿನವರಲ್ಲಿ ನೋವು, ಊತ ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಆದರೆ ಕೀಟಗಳ ವಿಷವು ಒಗ್ಗದವರು ಕೆಲವರಿರುತ್ತಾರೆ. ಕುಟುಕಿದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದೆದ್ದರೆ, ತುಟಿ ನಾಲಿಗೆಗಳು ಊದಿಕೊಂಡರೆ, ಉಸಿರು ಕಟ್ಟಿದಂತಾಗಿ ತಲೆ ಸುತ್ತಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಒಮ್ಮೆ ಹೀಗಾದವರು ವೈದ್ಯರ ಸಲಹೆ ಪಡೆದು ಮುಂದೆಯೂ ಎಚ್ಚರದಿಂದಿರಬೇಕು.

ಖರ್ಚಿನ ಬದಿ ಇಷ್ಟಾಯಿತು. ಜಮೆಯ ಬದಿಯನ್ನು ತೆರೆದರೆ ಮೊದಲಿಗೇ ಅಡಿಗೆಮನೆಯ ಬದನೆಕಾಯಿ ಕಾಣಿಸುತ್ತದೆ.

ಬದನೆ, ಟೊಮೆಟೊ ಗಿಡಗಳ ಹೂವಿನಲ್ಲಿ ಪರಾಗವು ಬಯಲಿಗೆ ಬಿದ್ದಿರುವುದಿಲ್ಲ. ಕೇಸರಗಳ ತುದಿಯಲ್ಲಿರುವ ಕೊಳವೆಯಂಥ ಚೀಲಗಳಲ್ಲಿ ಅದು ಭದ್ರವಾಗಿರುತ್ತದೆ. ಹೊರಬರಲು ಉಪ್ಪಿನ ಡಬ್ಬಿಯಂತೆ ತುದಿಯಲ್ಲಿ ಸಣ್ಣ ರಂಧ್ರ ಮಾತ್ರ. ಡಬ್ಬಿಯನ್ನು ಕುಲುಕದೆ ಉಪ್ಪು ಬೀಳದು. ಬಡಗಿ ದುಂಬಿಯು ಹೂವನ್ನು ಅಪ್ಪಿ ಹಿಡಿದು, ರೆಕ್ಕೆಗಳನ್ನು ಮಡಿಸಿಯೇ ಇಟ್ಟುಕೊಂಡು, ಹಾರಲು ಬಳಸುವ ಎದೆಯ ಸ್ನಾಯುಗಳನ್ನು ಸೆಕೆಂಡಿಗೆ ನೂರಾರು ಬಾರಿ ಅದುರಿಸುತ್ತದೆ. ಆ ಕಂಪನಕ್ಕೆ ಪರಾಗವು ರಂಧ್ರದಿಂದ ಚಿಮ್ಮಿ ಅದರ ಎದೆಯ ರೋಮಕ್ಕೆ ಹತ್ತಿಕೊಳ್ಳುತ್ತದೆ. ಮುಂದಿನ ಹೂವಿಗೆ ಹೋದಾಗ ಅದರಲ್ಲಿ ಸ್ವಲ್ಪ ಅಲ್ಲಿನ ಶಲಾಕೆಗೆ ತಗಲುತ್ತದೆ. ಈ ವಿದ್ಯೆಯು ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಬಾರದು. ತಂಪು ದೇಶಗಳಲ್ಲಿ ಹಾಗೂ ಹಿಮಾಲಯದಲ್ಲಿ ಇದನ್ನು ಮಾಡುವ ಬಂಬಲ್ ಜೇನುಗಳು ದಖ್ಖನಿನ ಬಯಲಿನಲ್ಲಿ ಇಲ್ಲ. ಇಲ್ಲಿ ಈ ಕೆಲಸವು ಬಡಗಿ ದುಂಬಿಗೂ, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂದು ಒಂಟಿ ಜೇನಿಗೂ, ಅಂಥ ಇನ್ನು ಕೆಲವಕ್ಕೂ ಬಿಟ್ಟದ್ದು. ಬದನೆಯು ತನ್ನ ಪರಾಗದಿಂದಲೇ ಅಷ್ಟಿಷ್ಟು ಕಾಯಿ ಕಟ್ಟಬಲ್ಲದೆಂಬುದು ನಿಜ. ಆದರೆ ದುಂಬಿ ಬಂದುಹೋದ ಗಿಡದಲ್ಲಿ ಕಾಯಿ ಹೆಚ್ಚು. ಉಡುಪಿಯ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮುಂಬಯಿಯ ಕರಾವಳಿಗರು ಹೆಮ್ಮೆಪಟ್ಟರು. ಬದನೆಯ ಹೂವನ್ನು ಅದುರಿಸುವ ಕೀಟಕ್ಕೆ ಅದೇ ಮುಂಬಯಿಯಲ್ಲಿ ಔಷಧ ಹೊಡೆಸಲಾಗುತ್ತಿದೆ.

ತೊಗರಿಯ ಹೂವಿನ ಕಥೆ ಸ್ವಲ್ಪ ಬೇರೆ. ಬಟಾಣಿ, ತೊಗರಿ ಜಾತಿಯ ಹೂಗಳಲ್ಲಿ ಕೇಸರಗಳು ದೋಣಿಯಂಥ ಎಸಳುಗಳೊಳಗೆ ಮುಚ್ಚಿಕೊಂಡಿರುತ್ತವೆ. ಭಾರವಾದ ದುಂಬಿ ಬಂದು ಕೂತರೆ ದೋಣಿ ಕೆಳಕ್ಕೆ ಬಾಗಿ ಕೇಸರಗಳು ಹೊರಕ್ಕೆ ನೆಗೆದು ಅದರ ಹೊಟ್ಟೆಗೆ ಪರಾಗ ಬಳಿಯುತ್ತವೆ. ಹಗುರಾದ ಕೀಟಕ್ಕೆ ಬಾಗಿಲೇ ತೆರೆಯದು. ಹೊಂಗೆಯದೂ ಇದೇ ಜಾತಿಯ ಹೂ. ಪ್ರಾರಂಭದಲ್ಲಿ ಹೇಳಿದ ಉಪನಗರದ ಬೀದಿಗೆ ದುಂಬಿಗಳನ್ನು ಕರೆದುತರುವುದು ಬಹುಮಟ್ಟಿಗೆ ಅದೇ. ಬೇಸಗೆಯಲ್ಲಿ ಹಳದಿ ಗೊಂಚಲು ಇಳಿಬಿಡುವ ಕಕ್ಕೆ, ಮರಾಠಿಗರ ಬಹಾವಾ, ಬದನೆಯಂತೆಯೇ ಅದುರಿಸುವವರನ್ನು ಕಾಯುತ್ತಿರುತ್ತದೆ. ಎಕ್ಕದ ಹೂವಿನಲ್ಲಂತೂ ಪರಾಗವು ಪುಡಿಯಾಗಿರದೆ ಅಂಟಿನ ಜೋಡಿ ಚೀಲವಾಗಿದ್ದು, ದುಂಬಿಯ ಕಾಲಿಗೆ ಗಾಳದಂತೆ ಸಿಕ್ಕಿಕೊಳ್ಳುತ್ತದೆ. ಅದನ್ನು ಕಿತ್ತೊಯ್ಯಲು ಬಲಿಷ್ಠ ಕೀಟವೇ ಬೇಕು. ಮಾರುತಿಗೆ ಶನಿವಾರ ಎಕ್ಕದೆಲೆಯ ಮಾಲೆ ಹಾಕುವ ಮುಂಬಯಿ, ಪುಣೆಗಳಲ್ಲಿ ಎಕ್ಕದ ಗಿಡ ಬೀಜವಾಗಿ ಹರಡುವುದು ಮುಖ್ಯವಾಗಿ ಈ ದುಂಬಿಯ ಕಾಲಿನಿಂದ. ಕೊಡಗಿನವರು ಪಾನಕ ಮಾಡುವ ಪ್ಯಾಷನ್ ಹಣ್ಣಿನ ಹೂವು ಎಷ್ಟು ದೊಡ್ಡದೆಂದರೆ ಸಣ್ಣ ಜೇನು ಮಕರಂದ ಕುಡಿದು ಕೇಸರಕ್ಕೆ ತಲೆ ತಾಗಿಸದೆಯೇ ಹೊರಟುಹೋಗುತ್ತದೆ. ಬ್ರೆಜಿಲ್ ದೇಶದಲ್ಲಿ ಬಡಗಿ ದುಂಬಿಗಳು ಕಡಿಮೆಯಾದ ತೋಟಗಳಲ್ಲಿ ಕೂಲಿಯಾಳುಗಳನ್ನು ನೇಮಿಸಿ ಒಂದೊಂದೇ ಹೂವಿಗೆ ಬೆರಳಿನಿಂದ ಪರಾಗ ಹಚ್ಚಿಸುತ್ತಾರೆ. ದುಂಬಿಯ ಸೇವೆಗೆ ನಗದಿನಲ್ಲಿ ಬೆಲೆ ಕಟ್ಟಬೇಕೆಂದರೆ ಆ ಕೂಲಿಯ ಪಟ್ಟಿಯನ್ನು ನೋಡಬಹುದು.

ಲೆಕ್ಕವು ಪ್ರಾಮಾಣಿಕವಾಗಿರಬೇಕಾದರೆ ಒಂದು ಕಳ್ಳತನವನ್ನೂ ನಮೂದಿಸಬೇಕು. ಉದ್ದ ಕೊಳವೆಯ ಹೂಗಳೊಳಗೆ ದಪ್ಪ ದುಂಬಿಗೆ ಪ್ರವೇಶವಿಲ್ಲ. ಆಗ ಅದು ಮುಂಬಾಗಿಲನ್ನು ಬಿಟ್ಟು ಹೂವಿನ ಬುಡವನ್ನು ಸೀಳಿ ಮಕರಂದವನ್ನು ಹೀರುತ್ತದೆ. ಪರಾಗವನ್ನು ಮುಟ್ಟುವುದೇ ಇಲ್ಲ. ಕನ್ನ ಹಾಕುವ ಇಂಥ ಕೆಲಸದಲ್ಲಿ ಅದು ನುರಿತದ್ದು. ಆದರೂ ಒಟ್ಟು ಲೆಕ್ಕದಲ್ಲಿ ಜಮೆಯೇ ಮುಂದಿದೆ.

ಜಮೆಯ ಬದಿಯಲ್ಲಿ ಅಚ್ಚರಿಯ ನಮೂದು ಪುಣೆಗೆ ಸಮೀಪದ ಭೀಮಾಶಂಕರದಲ್ಲಿದೆ. ಜ್ಯೋತಿರ್ಲಿಂಗದ ದರ್ಶನಕ್ಕೆ ಹೋಗುವ ಕನ್ನಡಿಗರು ಹಾದುಹೋಗುವ ಆ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜೆಸ್, ಅವರೊಂದಿಗೆ ದುಡಿದ ಹೇಮಾ ಸೋಮನಾಥನ್ ಮತ್ತು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಮೂರು ಬಗೆಯ ಬಡಗಿ ದುಂಬಿಗಳನ್ನು ಅಭ್ಯಸಿಸಿದರು. ಒಂದು ಹಗಲಿನದು. ಇನ್ನೊಂದು ಮುಖ್ಯವಾಗಿ ಹಗಲಿನದಾದರೂ ಬೆಳದಿಂಗಳಿದ್ದರೆ ರಾತ್ರಿಯೂ ಹಾರಾಡುವಂಥದು. ಅಲ್ಲಿನ ವಾರಸ ಎಂಬ ಮರದ ಇರುಳ ಹೂಗಳಿಗೆ ಪರಾಗ ಒಯ್ಯುವುದು ಅದೇ ಎಂದು 2001ರಲ್ಲಿ ಪ್ರಕಟವಾಯಿತು. ಮೂರನೆಯದು ಟ್ರಾಂಕ್ವೆಬಾರಿಕ. ತಮಿಳುನಾಡಿನ ಕರಾವಳಿಯಲ್ಲಿ ಡೇನರ ವಸಾಹತಾಗಿದ್ದ ತರಂಗಂಬಾಡಿಯ ಹೆಸರು ಹೊತ್ತ ಈ ದುಂಬಿಯು ಚಂದ್ರನೇ ಇಲ್ಲದ ಇರುಳಿನಲ್ಲಿಯೂ ಹಾರಿ ಹೂವನ್ನು ಹುಡುಕುತ್ತದೆ. ಅಷ್ಟೇ ಅಲ್ಲ, ಮನುಷ್ಯನಿಗೆ ಎಲ್ಲವೂ ಬೂದಿಬಣ್ಣವಾಗಿ ತೋರುವ ನಕ್ಷತ್ರದ ಬೆಳಕಿನಲ್ಲಿ ಅದು ಬಣ್ಣಗಳನ್ನು ಗುರುತಿಸಬಲ್ಲದೆಂದು 2008ರಲ್ಲಿ ಅದೇ ಸಂಶೋಧಕರು ಪ್ರಯೋಗದಿಂದ ತೋರಿಸಿದರು. ಅದರ ಕಣ್ಣಿನ ರಚನೆಯೋ ಹಗಲು ಜೇನುಗಳ ಕಣ್ಣಿನ ಮಾದರಿಯದೇ; ಮಂದ ಬೆಳಕಿಗೆ ಅಷ್ಟೇನೂ ಒಗ್ಗದೆಂದು ಪುಸ್ತಕಗಳು ಹೇಳುವ ಮಾದರಿ. ಆ ದುಂಬಿಯ ವಸತಿಯೂ ಕಾಡಿನ ಸತ್ತ ಮರಗಳಲ್ಲಿಯೇ.

ಸತ್ತ ಮರ ಎಂಬಲ್ಲಿಗೆ ನಗರದ ಸಮಸ್ಯೆ ಬಂದು ನಿಲ್ಲುತ್ತದೆ. ಹೂವಿನ ಮಟ್ಟಿಗೆ ಮಹಾನಗರಗಳು ಅಷ್ಟು ಬಡವಲ್ಲ. ಕೊರತೆಯಿರುವುದು ಮನೆಗೆ. ಮಳೆಗಾಲದ ಮುನ್ನ ನಗರಪಾಲಿಕೆಯವರು ಒಣಗಿದ ಕೊಂಬೆಗಳನ್ನು ಕಡಿಯುತ್ತಾರೆ. ದಾರಿಹೋಕರ ತಲೆಯ ಮೇಲೆ ಬೀಳದಿರಲೆಂದು ಅದು ಬೇಕಾದುದೇ. ಬೇಲಿಗಳು ಕಬ್ಬಿಣದವಾಗಿವೆ, ಕಿಟಕಿಗಳು ಅಲ್ಯುಮಿನಿಯಮಿನವಾಗಿವೆ, ಉದ್ಯಾನದಲ್ಲಿ ಬಿದ್ದ ಕಡ್ಡಿಯನ್ನೂ ಉಳಿಸದೆ ಗುಡಿಸಲಾಗುತ್ತದೆ. ಹಳ್ಳಿಯಿಂದ ಬಂದು ಬಾಡಿಗೆಯ ಕೋಣೆಗಾಗಿ ಅಲೆದವರಿಗೆ ಈ ಪರಿಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಬೇರೆ ಗತಿಯಿಲ್ಲದೆ ದುಂಬಿಯು ಬಾಲ್ಕನಿಯ ಉಯ್ಯಾಲೆಯ ತೊಲೆಗೋ, ಹೂಬಳ್ಳ ಹಬ್ಬಿಸಿದ ಮರದ ಚಪ್ಪರಕ್ಕೋ ಬಾಯಿ ಹಾಕುತ್ತದೆ.

ಒಂದೆರಡು ತೂತುಗಳಿಂದ ತೊಲೆ ಮುರಿಯುವುದಿಲ್ಲ. ವರ್ಷವರ್ಷವೂ ಅದೇ ತೊಲೆಯಲ್ಲಿ ಸುರಂಗಗಳು ಹೆಚ್ಚಿದರೆ ಮಾತ್ರ ಬಲ ಕುಗ್ಗುತ್ತದೆ. ಇದಕ್ಕೆ ಪರಿಹಾರ ವಿಷವಲ್ಲ, ಬಣ್ಣ. ಎಣ್ಣೆಬಣ್ಣ ಅಥವಾ ವಾರ್ನಿಷ್ ಬಳಿದ ಮರವನ್ನು ದುಂಬಿಯು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಆಗಲೇ ತೂತಾಗಿದ್ದರೆ ಬಾಗಿಲಿಗೆ ತೆಳುವಾದ ಕಾಗದದ ಚೂರನ್ನು ಅಂಟಿಸಿ ಕೆಲವು ದಿನ ನೋಡಬೇಕು. ಕಾಗದ ಹರಿದರೆ ಒಳಗೆ ಸಂಸಾರವಿದೆಯೆಂದು ಅರ್ಥ. ಅವು ಬಿಟ್ಟುಹೋಗುವವರೆಗೆ ಕಾಯಬೇಕು. ಬಹಳ ದಿನ ಹರಿಯದೆ ಉಳಿದರೆ ಮರದ ಬೆಣೆ ಬಡಿದು, ಪುಟ್ಟಿ ತುಂಬಿ ಬಣ್ಣ ಬಳಿಯಬಹುದು.

ಔಷಧ ಹೊಡೆಸುವವರು ತಮ್ಮ ಮನೆಯವರ ಆರೋಗ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಂದು ಮನೆಗಳಲ್ಲಿ ಸಿಂಪಡಿಸುವ ಪೈರೆಥ್ರಾಯ್ಡ್ ವರ್ಗದ ಕೀಟನಾಶಕಗಳು ಚರ್ಮವನ್ನು, ಕಣ್ಣನ್ನು ಕೆರಳಿಸಬಲ್ಲವು. ಗೂರಲು ರೋಗಿಗಳಿಗೆ ಉಸಿರಾಟದ ತೊಂದರೆ ತರಬಲ್ಲವು. ಮೀನಿನ ತೊಟ್ಟಿಗೆ ಸೋಕಿದರೆ ಮೀನುಗಳು ಸಾಯುತ್ತವೆ. ಅಂಬೆಗಾಲಿಕ್ಕುವ ಮಗು ನೆಲದಲ್ಲಿ ಕೈಯೂರಿ ಆ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಬಾಲ್ಕನಿಯ ಕುಂಡದ ತುಳಸಿ, ದೊಡ್ಡಪತ್ರೆ, ಕರಿಬೇವಿನ ಎಲೆಗಳ ಮೇಲೆ ಬಿದ್ದ ದ್ರಾವಣವು ಮಾರನೆಯ ದಿನ ಕಷಾಯಕ್ಕೂ ಒಗ್ಗರಣೆಗೂ ಬರುತ್ತದೆ. ಕೊಂಡಿಯೇ ಇಲ್ಲದ ಒಂದು ಗಂಡುದುಂಬಿಗೆ ಅಂಜಿ ಇಷ್ಟನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಸರಿಹೊಂದುವುದಿಲ್ಲ.

ಸ್ಥಳವಿರುವ ಸೊಸೈಟಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆವರಣದ ಮೂಲೆಯಲ್ಲಿ, ಜನ ಓಡಾಡದ ಕಡೆ, ಕಡಿದ ನುಗ್ಗೆಯ ಅಥವಾ ಹಾಲುವಾಣದ ಒಣಕೊಂಬೆಗಳನ್ನು ಗೋಡೆಗೆ ಒರಗಿಸಿಟ್ಟರೆ ಸಾಕು. ಅದೂ ಇಲ್ಲದವರು ಒಂದು ತುದಿಯಲ್ಲಿ ಗಿಣ್ಣಿನಿಂದ ಮುಚ್ಚಿ ಇನ್ನೊಂದು ತುದಿ ತೆರೆದಿರುವ, ಒಳಗೆ ಬೆರಳು ಹೋಗುವಷ್ಟು ಅಗಲದ ಏಳೆಂಟು ಬಿದಿರಿನ ತುಂಡುಗಳನ್ನು ಕಟ್ಟುಕಟ್ಟಿ, ಮಳೆ ಎರಚದ ಸೂರಿನ ಕೆಳಗೆ ಅಡ್ಡಲಾಗಿ, ಮಕ್ಕಳ ಕೈಗೆ ನಿಲುಕದ ಎತ್ತರದಲ್ಲಿ ತೂಗುಹಾಕಬಹುದು. ಯಾವುದಾದರೊಂದು ಕೊಳವೆಯ ಕೆಳಗೆ ಹಳದಿ ಹುಡಿ ಬೀಳತೊಡಗಿದರೆ ಒಕ್ಕಲು ಬಂದಿದೆಯೆಂದು ತಿಳಿಯಬೇಕು. ಆಮೇಲೆ ಕೆಲವು ತಿಂಗಳು ಆ ಕಟ್ಟನ್ನು ಇಳಿಸಬಾರದು, ಅಲುಗಿಸಲೂಬಾರದು; ಒಳಗೆ ಗೋಡೆಗಳ ನಡುವೆ ಮರಿಗಳು ಮಲಗಿರುತ್ತವೆ.